ಅರಿವು ಯಾರಿಗೆ ಬೇಕು?

ವರ್ಷಕ್ಕೊಮ್ಮೆ ನವೆಂಬರ್ 25ನೆಯ ತಾರೀಖು ಬಂದಿತೆಂದರೆ ದೊಡ್ಡ ಊರುಗಳಲ್ಲಿ ಕಟ್ಟಡಗಳಿಗೆ ಕಿತ್ತಳೆ ಬಣ್ಣದ ದೀಪ ಹಾಕುತ್ತಾರೆ. ಸ್ತ್ರೀಯರ ಮೇಲಿನ ಹಿಂಸೆಯನ್ನು ವಿರೋಧಿಸುವ ಹದಿನಾರು ದಿನಗಳ ಪ್ರಚಾರ ಅಂದು ಆರಂಭವಾಗುತ್ತದೆ. ಬಣ್ಣವನ್ನು ಆರಿಸಿಕೊಟ್ಟದ್ದು ವಿಶ್ವಸಂಸ್ಥೆ. ಡಿಸೆಂಬರ್ 10ರವರೆಗೆ ನಡಿಗೆ, ಓಟ, ಭಾಷಣ, ಪ್ರತಿಜ್ಞೆ, ಬೀದಿನಾಟಕ. ಜುಲೈ 30 ಬಂದರೆ ಮಾನವ ಸಾಗಾಟ ವಿರೋಧಿ ದಿನ. ಆಗ ಇನ್ನೊಂದು ಸುತ್ತು. ಹಣ ಯಾವುದೋ ಕಂಪೆನಿಯದು, ದುಡಿಮೆ ಯಾವುದೋ ಸೇವಾಸಂಸ್ಥೆಯದು, ಫಲಕದ ಮೇಲೆ ಎರಡರ ಹೆಸರೂ ಅಕ್ಕಪಕ್ಕ. ಫಲಕದ ನಡುವೆ ದೊಡ್ಡ ಅಕ್ಷರದಲ್ಲಿ ಒಂದು ಮಾತು: ಜಾಗೃತಿ.

ಇದನ್ನು ನಾವು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ವ್ಯಾಪಾರಸ್ಥರೂ ಸೇವಾಸಂಸ್ಥೆಗಳೂ ಕೈಜೋಡಿಸಿದ್ದರಿಂದ ಆದ ಒಳ್ಳೆಯದನ್ನು ಇಲ್ಲವೆನ್ನುವುದು ಅಪ್ರಾಮಾಣಿಕವಾದೀತು. ಅಮೆರಿಕದಲ್ಲಿ 2009ರಿಂದ ಲಾರಿ ಚಾಲಕರಿಗೆ ಮಾನವ ಸಾಗಾಟದ ಗುರುತುಗಳನ್ನು ಹೇಳಿಕೊಡುವ ಒಂದು ಸಂಸ್ಥೆ ಕೆಲಸ ಮಾಡುತ್ತಿದೆ. ಅದರಲ್ಲಿ ವಿವೇಕವಿದೆ. ರಾತ್ರಿ ಹೊತ್ತು ಹೆದ್ದಾರಿಯ ಪಕ್ಕದಲ್ಲಿ ನಡೆಯುವುದನ್ನು ಕಾಣುವವನು ಲಾರಿ ಚಾಲಕನೇ ಹೊರತು ಜಿಲ್ಲಾಧಿಕಾರಿಯಲ್ಲ. ಸೌಂದರ್ಯ ಸಾಮಗ್ರಿ ಮಾರುವ ಬಾಡಿ ಶಾಪ್ ಎಂಬ ಕಂಪೆನಿ, ಮಕ್ಕಳ ಮಾರಾಟವನ್ನು ವಿರೋಧಿಸುವ ಎಕ್‌ಪ್ಯಾಟ್ ಎಂಬ ಸಂಸ್ಥೆಯೊಡನೆ ಸೇರಿ, ತನ್ನ ಗಿರಾಕಿಗಳಿಂದ ಎಪ್ಪತ್ತು ಲಕ್ಷದಷ್ಟು ಸಹಿ ಸಂಗ್ರಹಿಸಿ 2011ರಲ್ಲಿ ವಿಶ್ವಸಂಸ್ಥೆಗೆ ಒಪ್ಪಿಸಿತು. ಸಹಿಯಿಂದಲೇ ಸಂಕೋಲೆ ಕಡಿಯುವುದಿಲ್ಲ, ನಿಜ. ಆದರೂ ಸರ್ಕಾರಗಳ ಕಿವಿಗೆ ಒಂದಿಷ್ಟು ಬಿಸಿ ತಾಗಿತು.

ನಮ್ಮ ಪ್ರಶ್ನೆ ಬೇರೆ. ಅರಿವು ಎಂಬ ಮಾತಿಗೆ ಈ ನಾಡಿನಲ್ಲಿ ಎಂಟುನೂರು ವರ್ಷಗಳ ತೂಕವಿದೆ. ಅರಿವಿನ ಪಕ್ಕದಲ್ಲೇ ಆಚಾರವನ್ನೂ ಕೇಳಿದವರು ನಮ್ಮ ಶರಣರು. ಈಗ ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರಿನಲ್ಲಿ, ಮುಂಜಾನೆಯ ಚಳಿಯಲ್ಲಿ ಸೆರಗು ಹೊದ್ದು ಬಸ್ಸಿಗೋ ಗುತ್ತಿಗೆದಾರನ ಟೆಂಪೋಗೋ ಕಾಯುತ್ತ ನಿಲ್ಲುವ ಹೆಣ್ಣಾಳಿಗೆ, 'ದೌರ್ಜನ್ಯವನ್ನು ಸಹಿಸಬೇಡಿ, ದನಿಯೆತ್ತಿ' ಎಂದು ಬರೆದ ಫಲಕವೊಂದನ್ನು ತೋರಿಸಿದರೆ ಅವಳಿಗೆ ಹೊಸದಾಗಿ ತಿಳಿಯುವುದಾದರೂ ಏನು? ಮೇಸ್ತ್ರಿಯ ಕಣ್ಣು ಎಂಥದು, ಯಾರ ತೋಟದ ಕೆಲಸಕ್ಕೆ ಒಂಟಿಯಾಗಿ ಹೋಗಬಾರದು, ಯಾವ ಸಾಹುಕಾರನ ಮನೆಯ ಹಿತ್ತಲಿಗೆ ಮಗಳನ್ನು ಕಳಿಸಬಾರದು ಎಂಬುದನ್ನೆಲ್ಲ ಅವಳು ಹತ್ತು ವರ್ಷದವಳಿದ್ದಾಗಲೇ ಕಲಿತಿದ್ದಾಳೆ. ಅವಳಿಗೆ ಗೊತ್ತಿಲ್ಲದ್ದು ಒಂದೇ. ದನಿಯೆತ್ತಿದ ಮಾರನೆಯ ದಿನ ಕೂಲಿ ಎಲ್ಲಿಂದ ಬರಬೇಕು? ಆ ಫಲಕದಲ್ಲಿ ಇದಕ್ಕೆ ಉತ್ತರವಿರುವುದಿಲ್ಲ.

ದುಡಿಯುವ ಹೆಣ್ಣಿಗೆ ತಿಳಿವಳಿಕೆ ಕಡಿಮೆಯೆಂದು ಹೇಳುವವರು 2016ರ ಏಪ್ರಿಲ್ ತಿಂಗಳನ್ನು ನೆನೆಯಬೇಕು. ಪ್ರಾವಿಡೆಂಟ್ ಫಂಡ್ ಹಣವನ್ನು ಹಿಂದೆಗೆದುಕೊಳ್ಳುವುದರ ಮೇಲೆ ಕೇಂದ್ರ ಸರ್ಕಾರ ತಂದ ನಿರ್ಬಂಧದ ಸುದ್ದಿ ಬಂದಾಗ, ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳ ಹೆಣ್ಣುಮಕ್ಕಳು ಯಾವ ನಾಯಕನ ಕರೆಗೂ ಕಾಯದೆ 18 ಮತ್ತು 19ರಂದು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಎರಡೇ ದಿನಗಳಲ್ಲಿ ದೆಹಲಿಯ ಸರ್ಕಾರ ಆಜ್ಞೆಯನ್ನು ಹಿಂದೆಗೆದುಕೊಂಡಿತು. ಸರ್ಕಾರಿ ಪ್ರಕಟಣೆಯೊಂದರ ಒಳಗುಟ್ಟನ್ನು ಅಷ್ಟು ಬೇಗ ಬಿಡಿಸಿದವರಿಗೆ ತಮ್ಮ ಮೈಮೇಲೆ ಕೈಹಾಕುವವನ ಇಂಗಿತ ತಿಳಿಯುವುದಿಲ್ಲವೇ?

ಇನ್ನು ನಮ್ಮ ಜಿಲ್ಲೆಯ ಮಾತು. ಅದನ್ನು ಆಡದೆ ದೂರದ ಊರುಗಳ ವಿಚಾರ ಬರೆದರೆ ಓದುಗರು ನಮ್ಮನ್ನು ಹೇಡಿಗಳೆಂದು ತಿಳಿದಾರು, ತಿಳಿಯಬೇಕಾದ್ದೇ. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಗೆ ಮತದಾನ ನಡೆದ 26ನೆಯ ತಾರೀಖಿನ ಹಿಂದುಮುಂದಿನ ದಿನಗಳಲ್ಲಿ, ಹಾಸನದ ಬೀದಿಗಳಲ್ಲಿ ಪೆನ್‌ಡ್ರೈವ್‌ಗಳು ಹಂಚಿಕೆಯಾದವು. ಅವುಗಳಲ್ಲಿದ್ದದ್ದು ಹೆಂಗಸರ ಮಾನದ ಚಿತ್ರಗಳು. ಜಿಲ್ಲೆಯ ಮೂಲೆಮೂಲೆಯಲ್ಲೂ ಕೈಯಿಂದ ಕೈಗೆ, ಫೋನಿಂದ ಫೋನಿಗೆ ಅವು ಹರಿದವು. ಏಪ್ರಿಲ್ 28ರಂದು ಹೊಳೆನರಸೀಪುರದ ಪೊಲೀಸ್ ಠಾಣೆಯಲ್ಲಿ ಮೊದಲ ಪ್ರಕರಣ ದಾಖಲಾಯಿತು. ವಿಶೇಷ ತನಿಖಾ ದಳ ರಚನೆಯಾಯಿತು. ಆಗ ಹಾಸನದ ಲೋಕಸಭಾ ಸದಸ್ಯರಾಗಿದ್ದ ಪ್ರಜ್ವಲ್ ರೇವಣ್ಣ ವಿದೇಶದಿಂದ ಹಿಂತಿರುಗಿದೊಡನೆ ಮೇ 31ರಂದು ಬೆಂಗಳೂರಿನಲ್ಲಿ ದಸ್ತಗಿರಿಯಾದರು. ಮನೆಗೆಲಸದ ಹೆಣ್ಣುಮಗಳೊಬ್ಬಳು ಕೊಟ್ಟ ದೂರಿನ ಮೇಲೆ ನಡೆದ ಮೊಕದ್ದಮೆಯಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 1ರಂದು ಅವರನ್ನು ಅತ್ಯಾಚಾರದ ಅಪರಾಧಿಯೆಂದು ತೀರ್ಮಾನಿಸಿ, ಮಾರನೆಯ ದಿನ ಜೀವಾವಧಿ ಸೆರೆವಾಸ ವಿಧಿಸಿತು. ಆಕೆಗೆ ಹನ್ನೊಂದು ಲಕ್ಷ ರೂಪಾಯಿಗೂ ಮಿಕ್ಕ ಪರಿಹಾರ ಸಲ್ಲಬೇಕೆಂದಿತು. ತೀರ್ಪಿನ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಕೆಯಾಗಿದೆ. ಅಲ್ಲಿಯ ವಿಚಾರಕ್ಕೆ ನಾವು ಬಾಯಿ ಹಾಕುವುದಿಲ್ಲ.

ನಾವು ಎತ್ತಿ ಹೇಳಬೇಕೆಂದಿರುವುದು ಇಷ್ಟು. ಆ ಏಪ್ರಿಲ್ ತಿಂಗಳಲ್ಲಿ ಹಾಸನ ಜಿಲ್ಲೆಗೆ ಅರಿವಿನ ಕೊರತೆ ಇತ್ತೆಂದು ಯಾರೂ ಹೇಳಲಾರರು. ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಟೀ ಅಂಗಡಿಗೆ ಗೊತ್ತಿತ್ತು, ಕ್ಷೌರದ ಅಂಗಡಿಗೆ ಗೊತ್ತಿತ್ತು. ಚಿತ್ರಗಳಲ್ಲಿ ಮುಖ ಕಂಡ ಹೆಂಗಸರು ಮನೆ ಬಿಟ್ಟು ಊರು ಬಿಟ್ಟು ತಲೆಮರೆಸಿಕೊಳ್ಳಬೇಕಾಯಿತೇ ಹೊರತು, ಅವುಗಳನ್ನು ಹಂಚಿದವರಾಗಲಿ ಚಪ್ಪರಿಸಿ ನೋಡಿದವರಾಗಲಿ ಊರು ಬಿಡಲಿಲ್ಲ. ಅಂಥ ಚಿತ್ರ ಹಂಚುವುದೇ ಅಪರಾಧ; ಚುನಾವಣೆಯ ಲಾಭಕ್ಕಾಗಿ ಹಂಚಿದವರು ಯಾವ ಪಕ್ಷದವರಾದರೂ ಸರಿಯೆ. ಅಷ್ಟೆಲ್ಲ ಗೊತ್ತಿದ್ದ ಊರಿನಲ್ಲಿ ನ್ಯಾಯಾಲಯದ ಮುಂದೆ ನಿಂತು ಗಟ್ಟಿಯಾಗಿ ಸಾಕ್ಷ್ಯ ನುಡಿದವಳು ಪಾತ್ರೆ ತೊಳೆದು ಹೊಟ್ಟೆ ಹೊರೆಯುವ ಒಬ್ಬ ಹೆಂಗಸು. ಅವಳ ಬೆನ್ನಿಗೆ ತನಿಖಾ ದಳ, ಸರ್ಕಾರಿ ವಕೀಲರು, ರಕ್ಷಣೆ ನಿಂತ ಮೇಲೆ ಅವಳ ಮಾತು ನಡೆಯಿತು. ಅವು ನಿಲ್ಲದಿದ್ದ ವರ್ಷಗಳಲ್ಲಿ ನಡೆಯಲಿಲ್ಲ.

ಎರಡನೆಯ ಪ್ರಸಂಗ ಅದಕ್ಕೂ ಹಿಂದಿನದು, ಬಹುಮಂದಿ ಮರೆತಿರುವುದು. 2018ರ ಡಿಸೆಂಬರ್‌ನಲ್ಲಿ ಹಾಸನದ ಹತ್ತಿರ ಒಂದು ಶೆಡ್ಡಿನಲ್ಲಿ ಕೂಡಿಹಾಕಿದ್ದ 52 ಮಂದಿ ಕೂಲಿಕಾರರನ್ನು ಪೊಲೀಸರು ಬಿಡಿಸಿ ತಂದರು. ಗಂಡಸರು, ಹೆಂಗಸರು, ಮಕ್ಕಳು. ನಮ್ಮ ರಾಜ್ಯದವರೂ ಹೊರರಾಜ್ಯದವರೂ ಇದ್ದರು. ಕೆಲಸದ ಆಸೆ ತೋರಿಸಿ ಕರೆತಂದವರು ಹಗಲೆಲ್ಲ ಹೊಲ ತೋಟಗಳಲ್ಲಿ ದುಡಿಸಿ ರಾತ್ರಿ ಬೀಗ ಹಾಕುತ್ತಿದ್ದರು. ಹೆಂಗಸರ ಮೇಲೆ ಕೈಮಾಡಿದರೆಂಬ ದೂರೂ ಬಂದಿತು. ಒಬ್ಬನು ಗೋಡೆ ಹಾರಿ ತಪ್ಪಿಸಿಕೊಂಡು ಹೋಗಿ ಸುದ್ದಿ ಮುಟ್ಟಿಸಿದ ಮೇಲೆಯೇ ವಿಷಯ ಹೊರಬಿದ್ದದ್ದು. ಜೀತವನ್ನು ರದ್ದುಮಾಡುವ ಕಾಯಿದೆ ಬಂದದ್ದು 1976ರಲ್ಲಿ. ಅದರ ಪ್ರಕಾರ ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು. ನೋಡಿ, 'ಜಾಗೃತಿ' ಎಂಬ ಹೆಸರು ಅಲ್ಲಿಯೂ ಇದೆ! ನಾಲ್ವತ್ತೆರಡು ವರ್ಷಗಳ ತರುವಾಯವೂ ಎಚ್ಚರವಾಗಿದ್ದವನು ಗೋಡೆ ಹಾರಿದ ಆ ಕೂಲಿಯಾಳೊಬ್ಬನೇ.

ಮಾನವ ಸಾಗಾಟವೆಂದರೆ ಕಪ್ಪು ಕನ್ನಡಕದ ಅಪರಿಚಿತನು ಶಾಲೆಯ ಹುಡುಗಿಗೆ ಮತ್ತು ಬರುವ ಮಿಠಾಯಿ ಕೊಟ್ಟು ಕಾರಿನಲ್ಲಿ ಎತ್ತಿಕೊಂಡು ಹೋಗುವುದು ಎಂಬಂತೆ ಬೀದಿನಾಟಕಗಳಲ್ಲಿ ತೋರಿಸುತ್ತಾರೆ. ಅಂಥದು ನಡೆಯುವುದೇ ಇಲ್ಲವೆಂದಲ್ಲ. ಆದರೆ ನಮ್ಮ ಸೀಮೆಯಲ್ಲಿ ಬರುವವನು ಪರಿಚಿತನು. ಅಣ್ಣ ಎಂದು ಕರೆಸಿಕೊಳ್ಳುವವನು. ಮಳೆ ಕೈಕೊಟ್ಟ ವರ್ಷ ಕೈಯಲ್ಲಿ ಮುಂಗಡ ಹಿಡಿದುಕೊಂಡೇ ಬರುವವನು. ಮುಂಗಡ ತೀರುವತನಕ ಕೆಲಸ ಬಿಡುವಂತಿಲ್ಲ. ಕೆಲಸ ಬಿಡದಿರುವ ಹೆಣ್ಣು ಬೇರೆ ಏನನ್ನೂ ಬೇಡವೆನ್ನುವಂತಿಲ್ಲ. ಲೈಂಗಿಕ ದೌರ್ಜನ್ಯವೂ ಸಾಗಾಟವೂ ಕೂಡುವ ಗಂಟು ಅದೇ. ಶುಂಠಿ, ಆಲೂಗಡ್ಡೆ, ಕಾಫಿ, ಹೊಗೆಸೊಪ್ಪು ಇವೆಲ್ಲ ಕೊನೆಗೆ ದೊಡ್ಡ ವ್ಯಾಪಾರದ ಕೈಗೇ ಸೇರುತ್ತವೆ. ಕೊಳ್ಳುವವರು ಸೊಪ್ಪಿನ ಬಣ್ಣ ನೋಡುತ್ತಾರೆ, ಬೀಜದ ತೇವ ಅಳೆಯುತ್ತಾರೆ. ಅದನ್ನು ಕಿತ್ತವಳು ರಾತ್ರಿ ಎಲ್ಲಿ ಮಲಗಿದ್ದಳು, ಬಾಗಿಲಿಗೆ ಚಿಲಕ ಒಳಗಿತ್ತೋ ಹೊರಗಿತ್ತೋ ಎಂದು ಕೇಳುವವರುಂಟೇ?

ಈಗ ಹಣದ ವಿಚಾರಕ್ಕೆ ಬರೋಣ. 2013ರ ಕಂಪೆನಿ ಕಾಯಿದೆಯ 135ನೆಯ ಕಲಮಿನ ಪ್ರಕಾರ, ಒಂದು ಮಟ್ಟಕ್ಕೆ ಮೇಲ್ಪಟ್ಟ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ತೆಗೆದಿಡಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಸ್ತ್ರೀಪುರುಷ ಸಮಾನತೆ, ಹೆಂಗಸರಿಗೆ ವಸತಿಗೃಹ ಮುಂತಾದವು ಆ ಪಟ್ಟಿಯಲ್ಲಿವೆ. ಜಾಗೃತಿ ಫಲಕಗಳಿಗೆ ಈ ಗಂಟಿನಿಂದಲೂ ಹಣ ಬರುತ್ತದೆ. ಆದರೆ 2021ರಲ್ಲಿ ತಿದ್ದಿದ ನಿಯಮಗಳು ಇನ್ನೊಂದು ಮಾತು ಹೇಳುತ್ತವೆ: ಸ್ವಂತ ನೌಕರರಿಗಾಗಿ ಮಾಡಿದ ಖರ್ಚನ್ನು ಈ ಲೆಕ್ಕಕ್ಕೆ ಹಿಡಿಯುವಂತಿಲ್ಲ. ನಿಯಮದ ಉದ್ದೇಶ ಒಳ್ಳೆಯದೇ. ಮಾಲೀಕನು ತನ್ನ ಆಳಿಗೆ ಕೊಡಬೇಕಾದ್ದನ್ನೇ ಕೊಟ್ಟು ದಾನವೆಂದು ಬರೆದುಕೊಳ್ಳಬಾರದು. ಆದರೆ ಪರಿಣಾಮವನ್ನು ನೋಡಿ: ಊರಿನ ಹೆಂಗಸರಿಗೆ ಧೈರ್ಯ ಹೇಳಿದರೆ ಲೆಕ್ಕಕ್ಕೆ ಬರುತ್ತದೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ತನ್ನ ಗೇಟಿನೊಳಗಿನ ಹೆಂಗಸರಿಗೆ ಧೈರ್ಯ ಹೇಳಿದರೆ ಲೆಕ್ಕಕ್ಕೂ ಬಾರದು, ಮೇಲಾಗಿ ಅವರು ಧೈರ್ಯ ತಂದುಕೊಂಡುಬಿಟ್ಟರೆ ಎಂಬ ಭಯ ಬೇರೆ. ಹೀಗಿರುವಾಗ ದೀಪ ಹೊರಗೆ ಉರಿಯುವುದರಲ್ಲಿ ಆಶ್ಚರ್ಯವೇನು?

ಗೇಟಿನೊಳಗಿನ ಜೋಡಿ ಕೆಲಸವನ್ನು ಕಾನೂನು ಬಹಳ ಹಿಂದೆಯೇ ವಿಧಿಸಿದೆ. ನಮ್ಮ ಜಾಗೃತಿವೀರರು ಅದನ್ನು ಹೇಳುವುದೇ ಅಪರೂಪ. ಅದರ ಮೂಲವೂ ಒಬ್ಬ ಹಳ್ಳಿಯ ಹೆಂಗಸಿನದು. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯುವ ಸರ್ಕಾರಿ ಕೆಲಸದಲ್ಲಿದ್ದ ಗ್ರಾಮ ಕಾರ್ಯಕರ್ತೆಯೊಬ್ಬಳ ಮೇಲೆ 1992ರಲ್ಲಿ ಅತ್ಯಾಚಾರ ನಡೆಯಿತು. ಕೆಲಸ ಮಾಡಿದ್ದಕ್ಕೆ ಬಂದ ಶಿಕ್ಷೆ ಅದು; ಕೆಲಸ ಕೊಟ್ಟಿದ್ದ ಸರ್ಕಾರ ರಕ್ಷಣೆಗೆ ಬರಲಿಲ್ಲ. ವಿಶಾಖಾ ಮೊದಲಾದ ಸ್ತ್ರೀಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು ತೀರ್ಪು ಬಂದಿತು. ಅದನ್ನು ಕಾಯಿದೆಯಾಗಿ ಮಾಡಲು ನಮ್ಮ ಪಾರ್ಲಿಮೆಂಟು ಮತ್ತೆ ಹದಿನಾರು ವರ್ಷ ತೆಗೆದುಕೊಂಡಿತು. 2013ರ ಆ ಕಾಯಿದೆ ಹೇಳುವುದು ಇದು: ಹತ್ತು ಜನ ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಕಡೆಯೂ ಒಂದು ಆಂತರಿಕ ಸಮಿತಿ ಇರಬೇಕು, ಅದಕ್ಕೆ ಹಿರಿಯ ಮಹಿಳಾ ನೌಕರರೊಬ್ಬರು ಮುಖ್ಯಸ್ಥರಾಗಬೇಕು, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರಿರಬೇಕು, ಹೊರಗಿನವರೊಬ್ಬರು, ಅಂದರೆ ಸ್ತ್ರೀಯರ ಪರವಾಗಿ ಕೆಲಸ ಮಾಡುವ ಸಂಸ್ಥೆಯವರೋ ಈ ವಿಷಯ ಬಲ್ಲವರೋ, ಸದಸ್ಯರಾಗಿರಲೇಬೇಕು.

ವ್ಯಾಪಾರವೂ ಸೇವಾಸಂಸ್ಥೆಯೂ ಕೂಡುವ ನಿಜವಾದ ಸ್ಥಳ ಇದು. ಇಲ್ಲಿ ನಾಟಕವಿಲ್ಲ, ಬಣ್ಣದ ದೀಪವಿಲ್ಲ. ಹೊರಗಿನ ಒಬ್ಬ ಹೆಂಗಸು ಕಾರ್ಖಾನೆಯ ಒಳಗೆ ಬಂದು ಕುಳಿತು, ಮೇಲ್ವಿಚಾರಕನನ್ನು ಎದುರಿಗೆ ನಿಲ್ಲಿಸಿ ಪ್ರಶ್ನೆ ಕೇಳುವ ಹಕ್ಕು ಇದೆ. ಅವರಿಗೆ ನಿಯಮಗಳು ಗೊತ್ತುಮಾಡಿದ ಭತ್ಯೆ ದಿನಕ್ಕೆ 200 ರೂಪಾಯಿ ಮತ್ತು ದಾರಿಖರ್ಚು. ಇದನ್ನೂ ಮಾಲೀಕನೇ ಕೊಡಬೇಕು; ಸದಸ್ಯರನ್ನು ಹೆಸರಿಸುವವನೂ ಮಾಲೀಕನೇ. ಕೊರತೆ ಇರುವುದು ಅಲ್ಲಿಯೇ. ಕುಸ್ತಿಯ ಅಖಾಡದಲ್ಲಿ ತೀರ್ಪುಗಾರನನ್ನು ಒಬ್ಬ ಪೈಲ್ವಾನನೇ ಕರೆತಂದು, ಊಟವನ್ನೂ ಅವನ ಮನೆಯಿಂದಲೇ ಕಳಿಸಿದರೆ ಇನ್ನೊಬ್ಬನು ಏನೆಂದುಕೊಂಡಾನು? ಈ ವರ್ಷ ಫಲಕಕ್ಕೆ ಹಣ ಪಡೆದ ಸಂಸ್ಥೆಯವರೇ ಮುಂದಿನ ವರ್ಷ ಅದೇ ಕಂಪೆನಿಯ ಸಮಿತಿಯಲ್ಲಿ ಕುಳಿತಾಗ, ದೂರು ಕೊಟ್ಟ ಹುಡುಗಿಯ ಮುಖ ನೋಡುತ್ತಾರೋ ಅನುದಾನದ ಚೆಕ್ಕಿನ ಮುಖ ನೋಡುತ್ತಾರೋ? ಎಲ್ಲರೂ ಹಾಗೆಂದು ನಾವು ಹೇಳುವುದಿಲ್ಲ. ಹಾಗಾಗಲು ದಾರಿ ತೆರೆದಿದೆ ಎಂದಷ್ಟೇ ಹೇಳುತ್ತೇವೆ.

ಕಾಯಿದೆಯ ಉಳಿದ ಕಲಮುಗಳು ನಮ್ಮ ಓದುಗರಿಗೆ ಉಪಯೋಗಕ್ಕೆ ಬಂದಾವು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಸಕಾರಣವಿದ್ದರೆ ಮತ್ತೆ ಮೂರು ತಿಂಗಳವರೆಗೆ ಸಮಿತಿ ಅವಧಿ ಕೊಡಬಹುದು. ಬರೆಯಲು ಬಾರದವಳಿಗೆ ಬರೆದುಕೊಡುವಲ್ಲಿ ನೆರವಾಗುವುದು ಸಮಿತಿಯ ಕರ್ತವ್ಯ, ಉಪಕಾರವಲ್ಲ. ವಿಚಾರಣೆ ತೊಂಬತ್ತು ದಿನಗಳಲ್ಲಿ ಮುಗಿಯಬೇಕು. ನಡುವೆ ಆಕೆ ಕೇಳಿದರೆ ಬೇರೆ ಕಡೆಗೆ ವರ್ಗವನ್ನೋ ಮೂರು ತಿಂಗಳವರೆಗಿನ ರಜೆಯನ್ನೋ ಸಮಿತಿ ಶಿಫಾರಸು ಮಾಡಬಹುದು. 'ಸುಳ್ಳು ದೂರು ಕೊಟ್ಟರೆ ನಿನಗೇ ಶಿಕ್ಷೆ' ಎಂದು ಹೆದರಿಸುವವರು ಪ್ರತಿ ಊರಿನಲ್ಲೂ ಇರುತ್ತಾರೆ; ರುಜುವಾತು ಮಾಡಲಾಗದ ಮಾತ್ರಕ್ಕೆ ದೂರು ಸುಳ್ಳೆನಿಸುವುದಿಲ್ಲವೆಂದು ಕಾಯಿದೆಯಲ್ಲೇ ಬರೆದಿದೆ. ಸಮಿತಿ ಮಾಡದ ಮಾಲೀಕನಿಗೆ 50,000 ರೂಪಾಯಿಯವರೆಗೆ ದಂಡ. ಮತ್ತೆ ತಪ್ಪಿದರೆ ಇಮ್ಮಡಿ, ಲೈಸೆನ್ಸೂ ಹೋಗಬಹುದು. ಸಮಿತಿಯನ್ನು ನೇಮಿಸಿದ ಆಜ್ಞೆಯನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕಬೇಕು. ಕಾಯಿದೆ ಬೇಡುವ ಫಲಕ ಇದು. ಕಿತ್ತಳೆ ಫಲಕ ಇರುವ ಎಷ್ಟು ಕಡೆ ಈ ಫಲಕವೂ ಇದೆಯೆಂದು ಓದುಗರೇ ಹೋಗಿ ನೋಡಬೇಕು.

ಹಳ್ಳಿಮೈಸೂರಿನ ಹೆಣ್ಣಾಳು ದುಡಿಯುವ ಕಡೆ ಹತ್ತು ಜನರ ಹಾಜರಿ ಪುಸ್ತಕ ಎಲ್ಲಿದೆ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಹತ್ತಕ್ಕೆ ಕಡಿಮೆ ಜನರಿರುವ ಕಡೆ, ಮನೆಗೆಲಸದವರಿಗೆ, ಮಾಲೀಕನ ಮೇಲೆಯೇ ದೂರಿರುವವರಿಗೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಅದರಲ್ಲೂ ಸ್ತ್ರೀಸಂಸ್ಥೆಗಳ ಪ್ರತಿನಿಧಿಗಳಿರಬೇಕು. ದೂರುಗಳನ್ನು ತೆಗೆದುಕೊಂಡು ಏಳು ದಿನಗಳಲ್ಲಿ ಸಮಿತಿಗೆ ಮುಟ್ಟಿಸಲು ತಾಲ್ಲೂಕಿಗೊಬ್ಬರು ನೋಡಲ್ ಅಧಿಕಾರಿ ಇರಬೇಕು. ಮನೆಗೆಲಸದವಳ ದೂರಿನಲ್ಲಿ ಮೇಲ್ನೋಟಕ್ಕೆ ಹುರುಳಿದ್ದರೆ ಸಮಿತಿಯೇ ಏಳು ದಿನಗಳಲ್ಲಿ ಅದನ್ನು ಪೊಲೀಸರಿಗೆ ಕಳಿಸಬೇಕು. ಹೊಳೆನರಸೀಪುರದ ಆ ಹೆಣ್ಣುಮಗಳಿಗೆ ಈ ಕಲಮಿನ ವಿಷಯ ಯಾರಾದರೂ ಹೇಳಿದ್ದರೇ? ಹೇಳಿದ್ದರೂ ಬಾಗಿಲು ತಟ್ಟಲು ಆ ಬಾಗಿಲಾದರೂ ಎಲ್ಲಿತ್ತು? 2023ರ ಮೇ 12ರಂದು ಗೋವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಹತ್ತು ವರ್ಷವಾದರೂ ಕಾಯಿದೆ ಸರಿಯಾಗಿ ಜಾರಿಗೆ ಬಂದಿಲ್ಲವೆಂದು ವಿಷಾದಪಟ್ಟಿತು. 2024ರ ಡಿಸೆಂಬರ್ 3ರಂದು ಮತ್ತೆ ಆಜ್ಞೆ ಮಾಡಿ, ಆ ತಿಂಗಳ ಕೊನೆಯೊಳಗೆ ಜಿಲ್ಲೆಗಳಲ್ಲಿ ಅಧಿಕಾರಿಗಳೂ 2025ರ ಜನವರಿ ಕೊನೆಯೊಳಗೆ ಸ್ಥಳೀಯ ಸಮಿತಿಗಳೂ ನೇಮಕವಾಗಬೇಕೆಂದಿತು. ಕಾಯಿದೆ ಹುಟ್ಟಿ ಹನ್ನೊಂದು ವರ್ಷದ ಮೇಲೂ ದೇಶದ ಪರಮೋಚ್ಚ ನ್ಯಾಯಾಲಯ ಗಡುವು ಕೊಡಬೇಕಾಯಿತೆಂದರೆ, ಆಡಳಿತಗಾರರ ಅರಿವಿನ ಮಟ್ಟವನ್ನು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ವ್ಯಾಪಾರಸ್ಥರು ಮಾಡಬೇಕಾದ್ದೇನು? ಪಕ್ಕದ ತಮಿಳುನಾಡಿನಲ್ಲಿ ಒಂದು ದಾರಿ ಕಂಡಿದೆ. ಅದು ಕಂಡದ್ದು ಒಂದು ಸಾವಿನಿಂದ. 2021ರ ಜನವರಿಯಲ್ಲಿ ದಿಂಡಿಗಲ್ ಜಿಲ್ಲೆಯ ಸಿದ್ಧ ಉಡುಪಿನ ಕಾರ್ಖಾನೆಯೊಂದರ ದಲಿತ ಹುಡುಗಿಯೊಬ್ಬಳ ಕೊಲೆಯಾಯಿತು. ಆಪಾದಿತನು ಅವಳ ಮೇಲ್ವಿಚಾರಕನೇ. ಬಟ್ಟೆ ಹೊರದೇಶದ ಹೆಸರಾಂತ ಅಂಗಡಿಗಳಿಗೆ ಹೋಗುತ್ತಿತ್ತು. ಆ ಅಂಗಡಿಗಳಿಗೆ ನೀತಿಸಂಹಿತೆಗೇನೂ ಕೊರತೆಯಿರಲಿಲ್ಲ. ದಲಿತ ಹೆಂಗಸರೇ ಮುನ್ನಡೆಸುವ ತಮಿಳುನಾಡು ಜವಳಿ ಕಾರ್ಮಿಕ ಸಂಘವು ವರ್ಷಕ್ಕೂ ಮೀರಿ ಹೋರಾಡಿತು. 2022ರ ಏಪ್ರಿಲ್‌ನಲ್ಲಿ ಒಂದು ಒಪ್ಪಂದವಾಯಿತು. ಕಾರ್ಖಾನೆಯ ಒಡೆಯರಾದ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್, ಸಂಘ, ಏಷ್ಯಾ ಫ್ಲೋರ್ ವೇಜ್ ಅಲಯನ್ಸ್ ಮುಂತಾದ ಸಂಸ್ಥೆಗಳು, ಕೊಳ್ಳುವ ಎಚ್ ಅಂಡ್ ಎಮ್ ಇದಕ್ಕೆ ಬದ್ಧವಾದವು. ಗ್ಯಾಪ್ ಮತ್ತು ಪಿವಿಎಚ್ ಕಂಪೆನಿಗಳೂ ಸೇರಿದವು. ಅಲ್ಲಿಯೂ ಕಂಪೆನಿಯೂ ಸಂಸ್ಥೆಯೂ ಕೂಡಿದವು. ಆದರೆ ಕೂಡಿದ ಬಗೆಯನ್ನು ನೋಡಿ. ಯಂತ್ರಗಳ ಸಾಲಿನಲ್ಲಿ ನಿಗಾ ಇಡುವವರು ಸಂಘ ಆರಿಸಿದ ಕೂಲಿಗಾರ್ತಿಯರು. ದೂರು ಕೊಟ್ಟವಳ ಮೇಲೆ ಸೇಡು ತೀರಿಸಿಕೊಳ್ಳುವಂತಿಲ್ಲ. ಕಾರ್ಖಾನೆ ಒಪ್ಪಂದ ಮುರಿದರೆ ಕೊಳ್ಳುವ ಕಂಪೆನಿ ವ್ಯಾಪಾರವನ್ನು ಬಿಗಿಹಿಡಿಯಲೇಬೇಕು, ಅದು ಅವರ ಮರ್ಜಿಯಲ್ಲ. ಅದೇ 2022ರಲ್ಲಿ ಅಮೆರಿಕದ ಸುಂಕದ ಇಲಾಖೆ ಆ ಕಾರ್ಖಾನೆಯ ಬಟ್ಟೆಯನ್ನು ತಡೆದಿತ್ತು. ಈ ಒಪ್ಪಂದದಿಂದಾದ ಬದಲಾವಣೆಗಳನ್ನು ಕಂಡು ಕೆಲವೇ ವಾರಗಳಲ್ಲಿ ತಡೆಯನ್ನು ತೆಗೆಯಿತು.

ಇದೊಂದು ಸ್ವರ್ಗವಲ್ಲ. ಒಂದು ಕಂಪೆನಿಯ ಕೆಲವು ಘಟಕಗಳಿಗಷ್ಟೇ ಸೇರಿದ ಒಪ್ಪಂದ. ಒಬ್ಬ ಹುಡುಗಿ ಸತ್ತಮೇಲೆ ಬಂದದ್ದು. ಆದರೂ ಅಲ್ಲಿ ಮಾಲೀಕನಿಗೂ ಕೊಳ್ಳುವವನಿಗೂ ಕಳೆದುಕೊಳ್ಳಲು ಏನೋ ಒಂದನ್ನು ಇಟ್ಟಿದ್ದಾರೆ. ಫಲಕ ಕಟ್ಟಿದವನಿಗೆ ಕಳೆದುಕೊಳ್ಳುವುದು ಏನಿದೆ, ದಾರವೊಂದನ್ನು ಬಿಟ್ಟರೆ?

ಸೇವಾಸಂಸ್ಥೆಗಳ ಬಗೆಗೂ ಒಂದು ಮಾತು. ಮೈಸೂರಿನಲ್ಲಿ ಇಬ್ಬರು ಪತ್ರಕರ್ತರು ಕೆಲಸ ಬಿಟ್ಟು ಕಟ್ಟಿದ ಒಡನಾಡಿ ಸಂಸ್ಥೆಯನ್ನು ನಮ್ಮ ಸೀಮೆಯವರು ಬಲ್ಲರು. ಮಾರಾಟವಾದ ಹೆಣ್ಣುಮಕ್ಕಳನ್ನು ಬಿಡಿಸಿ ತರುವುದು, ಅವರಿಗೆ ನೆಲೆ ಕೊಡುವುದು, ಬಲಿಷ್ಠರ ವಿರುದ್ಧ ಮೊಕದ್ದಮೆಯ ಬೆನ್ನು ಹತ್ತುವುದು ಮೂರು ದಶಕಗಳಿಂದ ಅವರ ಕೆಲಸ. ಇಂಥ ಕೆಲಸಕ್ಕೆ ಬೇಕಾದ್ದು ಫಲಕದ ಹಣವಲ್ಲ. ಸಾಕ್ಷಿ ಹೇಳಲು ಕೋರ್ಟಿಗೆ ಹತ್ತು ಸಲ ಅಲೆಯುವ ಹೆಂಗಸಿನ ಬಸ್ ಚಾರ್ಜು, ಆ ಹತ್ತು ದಿನದ ಕಳೆದ ಕೂಲಿ, ಹೆದರಿ ಮನೆಬಿಟ್ಟವಳಿಗೆ ಆರು ತಿಂಗಳ ಅಕ್ಕಿ ಬೇಳೆ, ವಕೀಲರ ಫೀಜು, ಮಗುವಿನ ಶಾಲೆ ಬದಲಾದರೆ ಅದರ ಖರ್ಚು. ಇವುಗಳಿಗೆ ಹಣ ಕೊಟ್ಟರೆ ಪತ್ರಿಕೆಯಲ್ಲಿ ಚಿತ್ರ ಬರುವುದಿಲ್ಲ. ಆ ಹೆಂಗಸಿನ ಹೆಸರನ್ನು ಹೇಳುವುದನ್ನೇ ಕಾನೂನು ನಿಷೇಧಿಸಿರುವಾಗ ಚಿತ್ರವೆಲ್ಲಿಯದು? ಆದ್ದರಿಂದಲೇ ದಾನಿಗಳ ಮನಸ್ಸು ಅತ್ತ ಹರಿಯುವುದು ಕಷ್ಟ. ನಿಜವಾಗಿ ಮನಸ್ಸಿದ್ದ ಕಂಪೆನಿ ಇದ್ದರೆ ಅಲ್ಲಿಂದ ಆರಂಭಿಸಬಹುದು. ಒಂದೇ ಷರತ್ತು: ಹಣ ಪಡೆದ ಸಂಸ್ಥೆ ಆ ಕಂಪೆನಿಯ ಸ್ವಂತ ಸಮಿತಿಯಲ್ಲಿ ಕೂರಬಾರದು, ಅಲ್ಲಿಗೆ ಬೇರೆಯವರು ಬರಬೇಕು, ಅವರ ಹೆಸರನ್ನು ದುಡಿಯುವ ಹೆಂಗಸರೇ ಸೂಚಿಸಬೇಕು.

ಇಷ್ಟೆಲ್ಲ ಅನ್ಯರಿಗೆ ಹೇಳಿದ ಮೇಲೆ ನಮ್ಮ ಮನೆಯ ಕಸವನ್ನೂ ನೋಡಬೇಕು. ರಾಜಕೀಯ ಪಕ್ಷಗಳಿಗೆ 2013ರ ಕಾಯಿದೆ ಅನ್ವಯಿಸುವುದಿಲ್ಲ; ಸದಸ್ಯರಿಗೂ ಪಕ್ಷಕ್ಕೂ ನೌಕರ ಮಾಲೀಕ ಸಂಬಂಧವಿಲ್ಲವೆಂದು ಕೇರಳದ ಹೈಕೋರ್ಟು 2022ರಲ್ಲಿ ಹೇಳಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ಎಲ್ಲ ಪಕ್ಷಗಳೂ ಒಳಗೊಳಗೇ ನಿಟ್ಟುಸಿರು ಬಿಟ್ಟಿರಬೇಕು. ನಾವು ಬಿಡಲಾರೆವು. ಹಾಸನದಂಥ ಜಿಲ್ಲೆಯಲ್ಲಿ, ಅಧಿಕಾರವೂ ಮನೆತನವೂ ಕೂಡಿದರೆ ಹೆಣ್ಣಾಳಿನ ಗತಿ ಏನಾದೀತೆಂಬುದನ್ನು ಕಣ್ಣಾರೆ ಕಂಡ ಜಿಲ್ಲೆಯಲ್ಲಿ, ಪಕ್ಷದ ಕಛೇರಿ ಮಾತ್ರ ಕಾಯಿದೆಯ ಹೊರಗಿನ ದ್ವೀಪವೇ? ಸಭೆಗೆ ಬರುವ, ರಾತ್ರಿ ಪ್ರಚಾರಕ್ಕೆ ಓಡಾಡುವ, ಚೀಟಿ ಬರೆಯುವ ಹೆಣ್ಣುಮಕ್ಕಳು ನಮ್ಮಲ್ಲೂ ಇದ್ದಾರೆ. ಹಿರಿಯ ಸಂಗಾತಿಯೊಬ್ಬರ ಮೇಲೆ ದೂರು ಬಂದಾಗ 'ಪಕ್ಷದ ಮಾನ' ಎಂದು ಹೇಳಿ ಮುಚ್ಚಿಹಾಕುವ ಅಭ್ಯಾಸ ಬಲಪಂಥೀಯರ ಸ್ವತ್ತೇನೂ ಅಲ್ಲ. ಕಾರ್ಮಿಕ ಸಂಘಗಳಲ್ಲೂ ಅಷ್ಟೇ. ಹೆಂಗಸರೇ ಹೆಚ್ಚಿರುವ ಕಾರ್ಖಾನೆಯ ಸಂಘಕ್ಕೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರೂ ಗಂಡಸರಾಗಿರುವುದು ಅಪೂರ್ವವಲ್ಲ. ಜಿಲ್ಲಾ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯ ಬರಬೇಕು: ಪಕ್ಷಕ್ಕೂ ಅದರ ಸಂಘಗಳಿಗೂ ಹೊರಗಿನ ಸದಸ್ಯೆಯಿರುವ ಒಂದು ದೂರು ಸಮಿತಿ. ಕಾಯಿದೆ ಕೇಳದಿದ್ದರೂ ಸರಿಯೆ. ಗೊತ್ತುವಳಿಯನ್ನು ನಾವೇ ಬರೆದು ಕಳಿಸುತ್ತೇವೆ. ವಿರೋಧಿಸುವವರು ಎದ್ದುನಿಂತು ವಿರೋಧಿಸಲಿ.

ಮುಂಗಾರಿಗೆ ಆಲೂಗಡ್ಡೆ ನೆಟ್ಟು, ಹೊಗೆಸೊಪ್ಪಿನ ಸಸಿ ಕೂತು, ಮಳೆಗಾಲದ ನಡುವೆ ಬ್ಯಾರನ್‌ಗಳಿಗೆ ಬೆಂಕಿ ಬೀಳುತ್ತದೆ. ಹಳ್ಳಿಮೈಸೂರಿನ ಸುತ್ತ, ಅರಕಲಗೂಡಿನ ಕಡೆ, ರಾಮನಾಥಪುರದ ಹರಾಜು ಕಟ್ಟೆಗೆ ಸೊಪ್ಪು ಕಳಿಸುವ ಊರುಗಳಲ್ಲೆಲ್ಲ ಸೊಪ್ಪು ಮುರಿಯುವುದಕ್ಕೂ ಕೋಲಿಗೆ ಕಟ್ಟುವುದಕ್ಕೂ ಹೆಣ್ಣಾಳು ಬೇಕು, ರಾತ್ರಿಯೂ ಬೇಕು. ಆ ಹಂಗಾಮಿಗೆ ಮುಂಚೆ ಜಿಲ್ಲಾಧಿಕಾರಿಗಳು ಸ್ಥಳೀಯ ಸಮಿತಿಯವರ ಹೆಸರು, ಕೂರುವ ಜಾಗ, ತಾಲ್ಲೂಕಿನ ನೋಡಲ್ ಅಧಿಕಾರಿಯ ಹೆಸರು ಇವಿಷ್ಟನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಲಿ. ಸೊಪ್ಪು ಕೊಳ್ಳುವ ಕಂಪೆನಿಗಳು ಹರಾಜು ಕಟ್ಟೆಯಲ್ಲೂ ಅದನ್ನೇ ಬರೆಸಲಿ. ಬಣ್ಣದ ಖರ್ಚು ಅವರಿಗೆ ಭಾರವಾಗದು. ಪಕ್ಕದಲ್ಲಿ ಮಕ್ಕಳ ಸಹಾಯವಾಣಿ 1098, ಹೆಂಗಸರ ಸಹಾಯವಾಣಿ 181, ಪೊಲೀಸರ 112 ಇರಲಿ. ಬರೆಸಿದ ಊರು ಯಾವುದು, ಬರೆಸದ ಊರು ಯಾವುದು ಎಂದು ನಮ್ಮ ಓದುಗರು ಒಂದು ಕಾರ್ಡು ಹಾಕಿ ತಿಳಿಸಿದರೆ ಈ ಪುಟದಲ್ಲೇ ಪಟ್ಟಿ ಹಾಕುತ್ತೇವೆ.